ಫೋನು ಎಳನೀರಿನ ಜತೆ ಬೆಂಗಳೂರಿಗೆ ಹೋಗುತ್ತಿತ್ತು

2021ರ ಜುಲೈ 22ಕ್ಕೆ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಿತು. ಮನೆಗೆ ಬಂದವಳೇ ಬ್ಯಾಗ್ ಬಿಸಾಕಿ ಮಲಗಿದಳು, ಸಂಜೆ ದೀಪ ಹಚ್ಚುವವರೆಗೂ ಏಳಲಿಲ್ಲ. ನಾನೂ ಹೊಲಿಗೆ ಮೆಷಿನ್ ಮುಚ್ಚಿಟ್ಟು, ಒಂದು ಲೋಟ ಕಾಫಿ ಹಿಡಿದು ಜಗಲಿ ಮೇಲೆ ಸುಮ್ನೆ ಕೂತೆ. ಏಪ್ರಿಲ್‌ನಿಂದ ಅಲ್ಲಿವರೆಗೆ ಒಂದು ಮೊಬೈಲಿಗಾಗಿ ಪಟ್ಟ ಪಾಡು ನೆನೆಸಿಕೊಂಡರೆ, ಪರೀಕ್ಷೆ ಬರೆದಿದ್ದು ಅವಳಾ ನಾನಾ ಅನ್ನಿಸಿತು. ಕೊರೊನಾದಿಂದ ಶಾಲೆಗಳು ಆಗಿನ್ನೂ ತೆರೆದಿರಲಿಲ್ಲ. ಜುಲೈ 1ರಿಂದ ಹೊಸ ವರ್ಷದ ಪಾಠ ಮತ್ತೆ ಫೋನಿನಲ್ಲೇ ಶುರುವಾಗಿತ್ತು. ಈಗಲೂ ಫೋನ್ ಹುಡುಕುತ್ತಾ ಓಡಾಡುತ್ತಿರುವ ಅಪ್ಪ ಅಮ್ಮಂದಿರು ಎಷ್ಟೋ ಜನ ಇದ್ದೀರಿ. ನಾನು ಎಡವಿದ ಕಲ್ಲಿಗೇ ನೀವೂ ಎಡವಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಮದ್ದೂರು ತಾಲ್ಲೂಕಿನದು. ನಮ್ಮ ಯಜಮಾನರದು ಒಂದು ಟಾಟಾ ಏಸ್. ಮದ್ದೂರು ಎಳನೀರು ಮಾರುಕಟ್ಟೆಯಿಂದ ಬೆಂಗಳೂರಿಗೆ ಲೋಡ್ ಹೊಡೆಯುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಕರೆಯುವ ಹಸು ಒಂದಿದೆ. ಮಗಳು ಹತ್ತನೇ ಕ್ಲಾಸು, ಮಗ ಆಗ ತಾನೇ ಆರಕ್ಕೆ ಬಂದಿದ್ದ.

ಮನೆಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ ಅಂತಲ್ಲ. ಯಜಮಾನರ ಹತ್ತಿರ ಒಂದಿತ್ತು, ಗಾಜು ಮೂಲೆಯಲ್ಲಿ ಸೀಳಿದ್ದು. ಆದರೆ ಅವರು ಬೆಳಗಿನ ಜಾವ 4 ಗಂಟೆಗೆ ಮನೆ ಬಿಟ್ಟರೆ ಬರುವುದು ರಾತ್ರಿ 8ಕ್ಕೆ. ಬಾಡಿಗೆ ಮಾತಾಡುವುದು, ದಾರಿ ನೋಡುವುದು, ದುಡ್ಡು ಹಾಕಿಸಿಕೊಳ್ಳುವುದು ಎಲ್ಲ ಅದರಲ್ಲೇ. ಮಕ್ಕಳಿಗೆ ಕ್ಲಾಸ್ ಇರುವುದು ಬೆಳಗ್ಗೆ 10ಕ್ಕೆ. ಆ ಹೊತ್ತಿಗೆ ಫೋನು ಎಳನೀರಿನ ಜತೆ ಬೆಂಗಳೂರಿನಲ್ಲಿ ಇರುತ್ತಿತ್ತು. ನನ್ನ ಹತ್ತಿರ ಇದ್ದದ್ದು ಕೀಪ್ಯಾಡ್ ಸೆಟ್ಟು.

ಹಿಂದಿನ ವರ್ಷ ಇದರಿಂದಲೇ ಒಂದು ತಪ್ಪಾಯಿತು. 2020ರ ಆಗಸ್ಟ್‌ನಲ್ಲಿ ಶಾಲೆ ಮುಚ್ಚಿದ್ದಕ್ಕೆ ಮಕ್ಕಳಿರುವ ಕಡೆಯೇ ಪಾಠ ಮಾಡುವ ವಿದ್ಯಾಗಮ ಶುರು ಮಾಡುವಾಗ ಮೇಷ್ಟ್ರು ಮನೆಮನೆಗೆ ಬಂದು ಬರೆದುಕೊಂಡರು. ಇಂಟರ್ನೆಟ್ ಇರುವ ಫೋನ್ ಇರುವವರು, ಇಂಟರ್ನೆಟ್ ಇಲ್ಲದ ಫೋನ್ ಇರುವವರು, ಏನೂ ಇಲ್ಲದವರು ಅಂತ ಮೂರು ಪಾಲು. "ಮನೇಲಿ ಸ್ಮಾರ್ಟ್‌ಫೋನ್ ಇದ್ಯಾ ತಾಯಿ?" ಅಂದರು. ನಾನು "ಇದೆ ಸಾರ್" ಅಂದೆ. ಅಷ್ಟೇ, ನಮ್ಮ ಮಕ್ಕಳು ಇರುವವರ ಪಟ್ಟಿಗೆ ಸೇರಿಬಿಟ್ಟರು. ಇಲ್ಲ ಅನ್ನುವುದಕ್ಕೆ ಏನೋ ಒಂಥರಾ ಸಂಕೋಚ, ನಿಮಗೂ ಗೊತ್ತಲ್ವಾ. ನಿಮ್ಮ ಮನೆಗೆ ಯಾರಾದರೂ ಹೀಗೆ ಕೇಳಿಕೊಂಡು ಬಂದರೆ, ಹಗಲು ಹೊತ್ತು ಫೋನು ಯಾರ ಕೈಯಲ್ಲಿ ಇರುತ್ತದೆ ಅನ್ನುವುದನ್ನೂ ಹೇಳಿ. ಬರೆದುಕೊಳ್ಳದಿದ್ದರೆ ಬರೆದುಕೊಳ್ಳಿ ಸಾರ್ ಅಂತ ಕೇಳಿ.

ಆ ವಿದ್ಯಾಗಮವೂ ಬಹಳ ದಿನ ನಡೆಯಲಿಲ್ಲ. ಮಾರಮ್ಮನ ಗುಡಿ ಜಗಲಿ ಮೇಲೆ ಮಕ್ಕಳನ್ನು ಕೂರಿಸಿ ಪಾಠ ಮಾಡುತ್ತಿದ್ದರು, ಅಕ್ಟೋಬರ್‌ನಲ್ಲಿ ಕೊರೊನಾ ಹೆದರಿಕೆಗೆ ನಿಲ್ಲಿಸಿದರು. ಆಮೇಲೆ ಚಂದನ ಟಿವಿಯಲ್ಲಿ ಬರುವ ಸಂವೇದ ಪಾಠವೇ ಗತಿ. ಪಾಠ ಚೆನ್ನಾಗಿಯೇ ಇರುತ್ತಿತ್ತು. ಆದರೆ ಕರೆಂಟ್ ಹೋದರೆ ಆವತ್ತಿನ ಪಾಠ ಹೋಯಿತು. ತಿರುಗಿ ಕೇಳುವ ಹಾಗಿಲ್ಲ, ಮಧ್ಯದಲ್ಲಿ ಅನುಮಾನ ಬಂದರೆ ನಿಲ್ಲಿಸುವ ಹಾಗೂ ಇಲ್ಲ. 2021ರ ಜನವರಿಯಲ್ಲಿ ಹತ್ತನೇ ಕ್ಲಾಸಿಗೆ ಶಾಲೆ ತೆರೆದಾಗ ಸದ್ಯ ಮುಗಿಯಿತು ಅಂದುಕೊಂಡೆವು. ಏಪ್ರಿಲ್‌ನಲ್ಲಿ ಮತ್ತೆ ಶುರು. ಜೂನ್ 21ಕ್ಕೆ ಪರೀಕ್ಷೆ ಅಂತ ಇತ್ತು. ಮಗಳು ಅಂದಳು, "ಅವ್ವ, ಗ್ರೂಪಲ್ಲಿ ದಿನಾ ಪ್ರಶ್ನೆಪತ್ರಿಕೆ ಹಾಕ್ತಾರಂತೆ. ನಂಗೆ ರಾತ್ರಿ ಹತ್ತು ಗಂಟೆಗೆ ನೋಡಕ್ಕಾಯ್ತದೆ, ಅಷ್ಟೊತ್ತಿಗೆ ಎಲ್ರೂ ಉತ್ತರ ಕಳ್ಸಿ ಮಲ್ಗಿರ್ತಾರೆ." ಆಗ ತೀರ್ಮಾನ ಮಾಡಿದೆವು, ಇನ್ನೊಂದು ಫೋನ್ ತರಲೇಬೇಕು ಅಂತ.

ಮೊದಲು ಹೊಸದಕ್ಕೇ ಹೋದೆವು. ಲಾಕ್‌ಡೌನ್‌ಗೆ ಎರಡು ವಾರ ಮುಂಚೆ ಮಂಡ್ಯದ ವಿ.ವಿ. ರಸ್ತೆಯ ಒಂದು ಅಂಗಡಿ. 2 ಜಿಬಿ ರ್‍ಯಾಮ್, 32 ಜಿಬಿ ಮೆಮೊರಿ ಇರುವುದು 7,500 ರೂಪಾಯಿ. ಕೈಯಲ್ಲಿ ಅಷ್ಟು ಇರಲಿಲ್ಲ. "ಇಎಂಐ ಮಾಡಿಸಿ ಅಕ್ಕ, ಬಡ್ಡಿ ಇಲ್ಲ" ಅಂದ ಹುಡುಗ. ಬಡ್ಡಿ ಇಲ್ಲ ನಿಜ, ಪ್ರೊಸೆಸಿಂಗ್ ಫೀಸ್ ಅಂತ ಬೇರೆ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಒಂದು ಚೆಕ್ ಹಾಳೆ ಬೇಕು ಅಂದರು. ನನಗೆ ಪ್ಯಾನ್ ಇಲ್ಲ. ಯಜಮಾನರ ಹೆಸರಲ್ಲಿ ಹಾಕಿದೆವು. ಚೆಕ್ ಹಾಳೆಗೆ ವಾಪಸ್ ಊರಿಗೆ ಹೋಗಿ, ಮಾರನೇ ದಿನ ಮತ್ತೆ 20 ಕಿಲೋಮೀಟರ್ ಬಂದೆವು. ಹುಡುಗ ಕಂಪ್ಯೂಟರ್ ನೋಡಿ ತಲೆ ಆಡಿಸಿದ. "ಸಿಬಿಲ್ ಬಿದ್ದೋಗದೆ ಅಣ್ಣ."

ಸಿಬಿಲ್ ಅಂದರೆ ನಾವು ಸಾಲ ಹೇಗೆ ಕಟ್ಟಿದ್ದೇವೆ ಅನ್ನುವ ವರದಿ, ಅದರ ಅಂಕ. ಅದು ಬಿದ್ದದ್ದು ಬೈಕ್ ಸಾಲದಿಂದ. 2020ರಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತಲ್ಲ, ನಾವೂ ಕಟ್ಟಿರಲಿಲ್ಲ. ಸೆಪ್ಟೆಂಬರ್‌ಗೂ ಹಾಗೇ ಇದೆ ಅಂದುಕೊಂಡು ಸುಮ್ಮನಿದ್ದೆವು. ಎರಡು ಕಂತು ಬೌನ್ಸ್ ಆಯಿತು. ಆಮೇಲೆ ದಂಡ ಸೇರಿಸಿ ಕಟ್ಟಿದೆವು, ಮರೆತೂ ಹೋಗಿತ್ತು. ಕಂಪ್ಯೂಟರ್ ಮಾತ್ರ ಮರೆತಿರಲಿಲ್ಲ. ಈ ವರದಿಯನ್ನು ವರ್ಷಕ್ಕೆ ಒಂದು ಸಲ ಪುಕ್ಕಟೆ ನೋಡಬಹುದು. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ನೋಡಿಕೊಂಡಿದ್ದರೆ ಎರಡು ದಿನದ ಕೆಲಸ ಉಳಿಯುತ್ತಿತ್ತು. ಅಲ್ಲಿ ನಾಲ್ಕು ಜನರ ಮುಂದೆ "ಬಿದ್ದೋಗದೆ" ಅನ್ನಿಸಿಕೊಳ್ಳುವುದೂ ತಪ್ಪುತ್ತಿತ್ತು. ಯಜಮಾನರು ವಾಪಸ್ ಬರುವಾಗ ಗೆಜ್ಜಲಗೆರೆ ದಾಟುವವರೆಗೂ ಒಂದು ಮಾತಾಡಲಿಲ್ಲ.

ನನ್ನ ಹೆಸರಲ್ಲೇ ಪ್ಯಾನ್ ಮಾಡಿಸೋಣ ಅಂದರೆ ಅದಕ್ಕೊಂದು ಕೊಂಡಿ. ಆಧಾರ್ ಇದ್ದರೆ ಇ-ಪ್ಯಾನ್ ಪುಕ್ಕಟೆ, ಹತ್ತು ನಿಮಿಷದ ಕೆಲಸ. ಆದರೆ ಆಧಾರ್‌ಗೆ ಕೊಟ್ಟ ನಂಬರಿಗೆ ಓಟಿಪಿ ಬರಬೇಕು. ನನ್ನ ಆಧಾರ್‌ನಲ್ಲಿ ಇರುವುದು ಯಾವತ್ತೋ ಕಳೆದುಹೋದ ನಂಬರು. ಅದನ್ನು ಬದಲಾಯಿಸಲು ಆಧಾರ್ ಕೇಂದ್ರಕ್ಕೇ ಹೋಗಬೇಕಿತ್ತು, ಆಗ 50 ರೂಪಾಯಿ ಫೀಸು. ಅಷ್ಟರಲ್ಲಿ ಏಪ್ರಿಲ್ 27 ಬಂತು, ಎಲ್ಲ ಮುಚ್ಚಿತು. 2021ರ ಜುಲೈ 20ರಿಂದ ಪೋಸ್ಟ್‌ಮ್ಯಾನ್ ಮೂಲಕವೇ ಆಧಾರ್‌ಗೆ ಮೊಬೈಲ್ ನಂಬರ್ ಸೇರಿಸುವ ವ್ಯವಸ್ಥೆ ಶುರು ಮಾಡಿದ್ದಾರೆ. ನಿಮ್ಮೂರಿನ ಪೋಸ್ಟ್‌ಮ್ಯಾನ್ ಅವರನ್ನು ಒಮ್ಮೆ ಕೇಳಿ ನೋಡಿ. ಫೋನ್ ಬೇಕಾಗಲಿ ಬಿಡಲಿ, ಇದೊಂದನ್ನು ಸರಿ ಮಾಡಿಟ್ಟುಕೊಳ್ಳಿ.

ಲಾಕ್‌ಡೌನ್‌ನಲ್ಲಿ ಮದುವೆ ಇಲ್ಲ, ಮದುವೆ ಇಲ್ಲ ಅಂದರೆ ಬ್ಲೌಸ್ ಇಲ್ಲ. ನಾನು ಮಾಸ್ಕ್ ಹೊಲಿಯಲು ಕೂತೆ, ಒಂದಕ್ಕೆ 3 ರೂಪಾಯಿ ಕೂಲಿ. ಡೇರಿಯಲ್ಲಿ ಎರಡು ಬಟವಾಡೆ ಹಾಗೇ ಎತ್ತಿಟ್ಟೆ. ಪರೀಕ್ಷೆ ಮುಂದಕ್ಕೆ ಹೋಯಿತು ಅಂತ ಮೇ 13ಕ್ಕೆ ಸುದ್ದಿ ಬಂತು. ಮಗಳಿಗೆ ಬೇಜಾರು, ನನಗೆ ಸಮಾಧಾನ. ಮೇ ಮೂರನೇ ವಾರಕ್ಕೆ ಕೈಯಲ್ಲಿ 4,800 ರೂಪಾಯಿ ಆಯಿತು.

ಅಷ್ಟಕ್ಕೆ ಸೆಕೆಂಡ್ ಹ್ಯಾಂಡೇ ಗತಿ. ಪರಿಚಯದವರು ಟೌನಿನ ಒಬ್ಬ ಮೊಬೈಲ್ ರಿಪೇರಿ ಹುಡುಗನ ನಂಬರ್ ಕೊಟ್ಟರು. ಆಗ ಬೆಳಗ್ಗೆ 6ರಿಂದ 10ರವರೆಗೆ ದಿನಸಿ, ತರಕಾರಿಗೆ ಮಾತ್ರ ಬಿಡುತ್ತಿದ್ದರು. ಅವನು ಶಟರ್ ಮೊಣಕಾಲೆತ್ತರಕ್ಕೆ ಎತ್ತಿ ಒಳಗೆ ಕೂತಿದ್ದ. ನಾನು ಬಗ್ಗಿ ಒಳಗೆ ಹೋದೆ. ಫೋನ್ ಕೈಗೆ ಕೊಟ್ಟ.

"ಒಳ್ಳೆ ಪೀಸ್ ಕಣಕ್ಕ. ಮೈಸೂರಿನ ಕಾಲೇಜ್ ಹುಡ್ಗ ಮಾರಿದ್ದು. ಬ್ಯಾಟ್ರಿ ಚೆನ್ನಾಗದೆ."

"ಬಿಲ್ಲು?"

"ಸೆಕೆಂಡ್ ಹ್ಯಾಂಡಿಗೆ ಯಾವ ಬಿಲ್ಲಕ್ಕ? ನಾನಿಲ್ವಾ?"

ಆನ್ ಆಗುತ್ತಿತ್ತು, ಫೋಟೊ ಬರುತ್ತಿತ್ತು, ಮಾತು ಕೇಳುತ್ತಿತ್ತು. ಹಳೇ ಹುಡುಗನ ಫೋಟೊಗಳೆಲ್ಲ ಅದರಲ್ಲೇ ಇದ್ದವು. "ಮನೆಗೋಗಿ ರೀಸೆಟ್ ಹೊಡ್ಕೊಳ್ಳಿ, ಹೊಸದಾಯ್ತದೆ" ಅಂದ. 4,500 ಕೊಟ್ಟು ಬಂದೆ.

ರಾತ್ರಿ ಮಗಳು ರೀಸೆಟ್ ಮಾಡಿದಳು. ಎಲ್ಲ ಅಳಿಸಿಹೋಯಿತು, ಭಾಷೆ ಕೇಳಿತು, ಕನ್ನಡ ಅಂತ ಒತ್ತಿದಳು. ಆಮೇಲೆ ಒಂದು ಪರದೆ ಬಂತು. ಈ ಫೋನಿನಲ್ಲಿ ಮೊದಲು ಇದ್ದ ಗೂಗಲ್ ಖಾತೆಯ ಹೆಸರು, ಪಾಸ್‌ವರ್ಡ್ ಹಾಕಿ ಅಂತ. ನನ್ನ ಖಾತೆ ಹಾಕಿದರೆ ಬೇಡ ಅಂತು. ಯಜಮಾನರದು ಹಾಕಿದರೂ ಬೇಡ ಅಂತು. ಹಿಂದಕ್ಕೆ ಹೋಗಲು ಬಿಡದು, ಮುಂದಕ್ಕೂ ಬಿಡದು. ಆರಿಸಿ ಹಾಕಿದರೂ ಅದೇ ಪರದೆ. ಕಳ್ಳರ ಕೈಗೆ ಸಿಕ್ಕಿದರೆ ಉಪಯೋಗಕ್ಕೆ ಬರಬಾರದು ಅಂತ ಆಂಡ್ರಾಯ್ಡ್ ಫೋನಿನಲ್ಲಿ ಇಟ್ಟಿರುವ ಬೀಗ ಅದು. ನಮಗೆ ಆಗ ಇದು ಗೊತ್ತಿರಲಿಲ್ಲ.

ಬೆಳಗ್ಗೆ ಆರಕ್ಕೇ ಹೋದರೆ ಅಂಗಡಿ ಮುಚ್ಚಿತ್ತು. ಅವನ ಫೋನ್ ಸ್ವಿಚ್ಡ್ ಆಫ್. ಪಕ್ಕದ ತರಕಾರಿಯಮ್ಮ ಹೇಳಿದರು, ಅವರ ಮನೇಲಿ ಎಲ್ಲರಿಗೂ ಪಾಸಿಟಿವ್ ಬಂದಿದೆ, ಅವನೂ ಆಸ್ಪತ್ರೆಯಲ್ಲಿ ಇದ್ದಾನೆ ಅಂತ. ಬೈಯಬೇಕು ಅಂತ ಹೋಗಿದ್ದೆ, ಬಾಯಿಗೆ ಬಂದ ಮಾತು ಅಲ್ಲೇ ಒಣಗಿತು.

ಮುಂದಿನ 16 ದಿನ ಆ ಫೋನು ನಮ್ಮ ಮನೆಯಲ್ಲಿ ಕಲ್ಲಿನ ಹಾಗೆ ಬಿದ್ದಿತ್ತು. ನಮ್ಮತ್ತೆ ಅದನ್ನು ದೇವರ ಗೂಡಿನಲ್ಲಿ ಇಟ್ಟರು. ದಿನಾ ಪೂಜೆಗೆ ದೇವರಿಗೆ ಇಟ್ಟ ಹೂವಿನಲ್ಲಿ ಒಂದು ಜಾರಿ ಅದರ ಮೇಲೂ ಬೀಳುತ್ತಿತ್ತು. ಬೇರೆ ಒಬ್ಬರು 800 ರೂಪಾಯಿ ಕೊಟ್ಟರೆ ಬೀಗ ಒಡೆದು ಕೊಡುತ್ತೇನೆ ಅಂದರು. ನಮಗೆ ಧೈರ್ಯ ಬರಲಿಲ್ಲ. ಬಿಲ್ ಇಲ್ಲ, ಮಾರಿದವನು ಯಾರೋ ಗೊತ್ತಿಲ್ಲ, ಕದ್ದ ಮಾಲಾಗಿದ್ದರೆ? ಮಗಳು ನಾಲ್ಕು ದಿನ ಪಕ್ಕದ ಮನೆಯ ಸೊಸೆ ಹತ್ತಿರ ಫೋನ್ ಇಸ್ಕೊಂಡು ಅವರ ಹಿತ್ತಲಲ್ಲಿ ಕೂತು ಓದಿದಳು. ಐದನೇ ದಿನ ಅವರ ಮನೆಯಲ್ಲಿ ಯಾರೋ ಕೆಮ್ಮಿದರು. ಅದೂ ನಿಂತಿತು.

ಜೂನ್ ಮೊದಲ ವಾರ ಹುಡುಗನೇ ಫೋನ್ ಮಾಡಿದ. ದನಿ ಇಳಿದುಹೋಗಿತ್ತು. "ತಪ್ಪಾಯ್ತು ಕಣಕ್ಕ, ಖಾತೆ ತೆಗ್ಸೋದು ಮರ್ತೇಬಿಟ್ಟೆ" ಅಂದು ಫೋನ್ ಮಾರಿದವನ ನಂಬರ್ ಕೊಟ್ಟ. ಮೈಸೂರಿನ ಆ ಹುಡುಗ ಪಾಪ ಒಳ್ಳೆಯವನು. ಆದರೆ ಅವನಿಗೂ ಪಾಸ್‌ವರ್ಡ್ ನೆನಪಿಲ್ಲ. ನೆನಪಿದ್ದರೂ ಗೊತ್ತಿಲ್ಲದವರಿಗೆ ಹೇಗೆ ಹೇಳುತ್ತಾನೆ? ಕೊನೆಗೆ ಅವನೇ ಒಂದು ದಾರಿ ಹುಡುಕಿದ. ತನ್ನ ಹೊಸ ಫೋನಿನಲ್ಲಿ ಪಾಸ್‌ವರ್ಡ್ ಬದಲಾಯಿಸಿ, ತಾತ್ಕಾಲಿಕವಾಗಿ ಒಂದನ್ನು ನಮಗೆ ಹೇಳುವುದು, ನಮ್ಮ ಕೆಲಸ ಆದ ಮೇಲೆ ಮತ್ತೆ ಬದಲಾಯಿಸಿಕೊಳ್ಳುವುದು. ಅಲ್ಲೂ ಒಂದು ಕಾಯುವಿಕೆ. ಪಾಸ್‌ವರ್ಡ್ ಬದಲಾಯಿಸಿದ ಮೇಲೆ 24 ಗಂಟೆ ಬಿಟ್ಟೇ ಹಾಕಬೇಕು, ಆತುರ ಬಿದ್ದರೆ ಒಪ್ಪಿಕೊಳ್ಳುವುದಿಲ್ಲ.

ಮಾರನೇ ರಾತ್ರಿ ಯಜಮಾನರ ಫೋನನ್ನು ಸ್ಪೀಕರಿಗೆ ಹಾಕಿ ಅವನು ಅಲ್ಲಿಂದ ಒಂದೊಂದೇ ಅಕ್ಷರ ಹೇಳಿದ, ಮಗಳು ಇಲ್ಲಿ ಒಂದೊಂದೇ ಒತ್ತಿದಳು. "ದೊಡ್ಡ ಎ, ಆಮೇಲೆ ಚಿಕ್ಕ ಎಂ." ಅವನ ಫೋನಿಗೆ ಇದು ನೀವೇನಾ ಅಂತ ಕೇಳಿತಂತೆ, ಹೌದು ಅಂತ ಒತ್ತಿದ. ಇಲ್ಲಿ ಪರದೆ ಒಂದು ಸುತ್ತು ತಿರುಗಿ ತೆರೆದುಕೊಂಡಿತು. ಮಗ ಕುಣಿದ. ಅತ್ತೆ "ಬಂತಾ?" ಅಂದರು, ಯಾರೋ ಊರಿಂದ ಬಂದವರ ಹಾಗೆ. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಆ ಹುಡುಗನ ಖಾತೆ ತೆಗೆದು, ಆಮೇಲೆ ನನ್ನದು ಹಾಕಿದೆವು.

ಹಾಗಾಗಿ ಹಳೇ ಫೋನ್ ಕೊಳ್ಳುವವರು ದಯವಿಟ್ಟು ಕೇಳಿ. ದುಡ್ಡು ಕೊಡುವ ಮುಂಚೆ ನಿಮ್ಮ ಕಣ್ಣೆದುರೇ ಹಳೇ ಖಾತೆ ತೆಗೆಸಿ, ಅಲ್ಲೇ ರೀಸೆಟ್ ಮಾಡಿಸಿ, ಅಲ್ಲೇ ನಿಮ್ಮ ಖಾತೆ ಹಾಕಿ ಒಂದು ಕಾಲ್ ಮಾಡಿ ನೋಡಿ. ಬರೀ ರೀಸೆಟ್ ಸಾಲದು, ಮೊದಲು ಖಾತೆ ಹೋಗಬೇಕು. *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಇಂಗ್ಲಿಷ್‌ನಲ್ಲಿ ಕೆ ವೈ ಎಂ ಅಂತ ಮೂರಕ್ಷರ ಬರೆದು, ಜಾಗ ಬಿಟ್ಟು, ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಯಾವ ಕಂಪನಿ, ಯಾವ ಮಾಡೆಲ್ ಅಂತ ಉತ್ತರ ಬರುತ್ತದೆ. ಕೈಯಲ್ಲಿರುವ ಫೋನಿಗೂ ಅದಕ್ಕೂ ತಾಳೆಯಾಗದಿದ್ದರೆ ಅಲ್ಲೇ ಇಟ್ಟು ಎದ್ದು ಬನ್ನಿ. ಬಿಲ್ ಇಲ್ಲ ಅಂದರೆ ಒಂದು ಬಿಳಿ ಹಾಳೆಯಲ್ಲಾದರೂ ಮಾರಿದವರ ಹೆಸರು, ಐಎಂಇಐ ನಂಬರ್, ತಾರೀಕು ಬರೆಸಿ ಸಹಿ ಹಾಕಿಸಿಕೊಳ್ಳಿ. "ನಾನಿಲ್ವಾ" ಅನ್ನುವವರು ಸುಳ್ಳು ಹೇಳುತ್ತಾರೆ ಅಂತಲ್ಲ. ಅವರಿಗೂ ಕಾಯಿಲೆ ಬರುತ್ತದೆ.

ಫೋನ್ ಬಂದ ಮೇಲೆ ಸಿಮ್ಮಿನ ಮಾತು. ಮಕ್ಕಳ ಹೆಸರಲ್ಲಿ ಸಿಮ್ ಕೊಡುವುದಿಲ್ಲ, 18 ತುಂಬಿರಬೇಕು. ಹೊಸ ಸಿಮ್ ಯಾಕೆ ಅಂತ ನನ್ನ ಕೀಪ್ಯಾಡ್ ಸೆಟ್ಟಿನ ಸಿಮ್ಮನ್ನೇ ಇದಕ್ಕೆ ಹಾಕಿ, ಮೇಷ್ಟ್ರಿಗೆ ಹೇಳಿ ಕ್ಲಾಸ್ ಗ್ರೂಪಿಗೆ ಆ ನಂಬರ್ ಸೇರಿಸಿದೆವು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು ಆಗ 199 ರೂಪಾಯಿ, 28 ದಿನಕ್ಕೆ. ತಿಂಗಳು ಅಂದುಕೊಂಡು ಲೆಕ್ಕ ಹಾಕಬೇಡಿ. 28ರ ಲೆಕ್ಕದಲ್ಲಿ ವರ್ಷಕ್ಕೆ 13 ಸಲ ಹಾಕಿಸಬೇಕು. ಚಾರ್ಜರ್ 250, ಗಾಜಿನ ಮೇಲಿನ ಹಾಳೆ 100, ಮೆಮೊರಿ ಕಾರ್ಡ್ 450. 4,500ರ ಫೋನು ಕೈಗೆ ಬರುವ ಹೊತ್ತಿಗೆ 5,499 ಆಗಿತ್ತು. ಓಡಾಟದ ಡೀಸೆಲ್ ಲೆಕ್ಕ ಹಿಡಿದಿಲ್ಲ.

ಮನೆಯೊಳಗೆ ನೆಟ್‌ವರ್ಕ್ ಒಂದೇ ಕಡ್ಡಿ. ಹುಡುಗರೆಲ್ಲ ನಾಲೆ ಏರಿ ಮೇಲೆ ಹೋಗಿ ಕೂರುತ್ತಾರೆ, ಅಲ್ಲಿ ಚೆನ್ನಾಗಿ ಸಿಗುತ್ತದೆ. ನಾಲೆಯಲ್ಲಿ ನೀರು ಬಿಟ್ಟಾಗ ಫೋನ್ ನೋಡಿಕೊಂಡು ಏರಿ ಮೇಲೆ ನಡೆಯುವ ಮಕ್ಕಳನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ. ಮಗಳನ್ನು ಬಿಡಲಿಲ್ಲ. ನೀರಿನ ಟ್ಯಾಂಕ್ ಪಕ್ಕ, ಹಳೇ ಆಲೆಮನೆ ಗೋಡೆಗೆ ಒರಗಿ ಕೂತರೆ ಸಾಕಷ್ಟು ಸಿಗುತ್ತದೆ ಅಂತ ಎರಡು ದಿನ ತಿರುಗಿ ನಾನೇ ಹುಡುಕಿದೆ. ಒಂದು ಚಾಪೆ, ಒಂದು ಬಾಟಲಿ ನೀರು, ಜತೆಗೆ ಮಾಸ್ಕ್ ಗಂಟು ಹಿಡಿದುಕೊಂಡು ನಾನು. ಕೈಹೊಲಿಗೆ ಇರುವುದನ್ನೆಲ್ಲ ಅಲ್ಲೇ ಮುಗಿಸುತ್ತಿದ್ದೆ. ನೇರ ಕ್ಲಾಸಿಗೆ ಮಾತ್ರ ಅಲ್ಲಿಗೆ. ಉಳಿದದ್ದಕ್ಕೆ ದೀಕ್ಷಾ ಆ್ಯಪ್ ಬಹಳ ಉಪಯೋಗಕ್ಕೆ ಬಂತು. ಪಠ್ಯಪುಸ್ತಕದಲ್ಲಿ ಅಧ್ಯಾಯದ ಹತ್ತಿರ ಕಪ್ಪು ಚೌಕದ ಕ್ಯೂಆರ್ ಕೋಡ್ ಇರುತ್ತದಲ್ಲ, ಅದಕ್ಕೆ ಆ್ಯಪ್ ಹಿಡಿದರೆ ಆ ಪಾಠದ ವಿಡಿಯೊ ಬರುತ್ತದೆ. ರಾತ್ರಿ ಉಳಿದ ಡೇಟಾದಲ್ಲಿ ಇಳಿಸಿಟ್ಟುಕೊಂಡರೆ ಹಗಲಲ್ಲಿ ನೆಟ್ ಇಲ್ಲದೆಯೂ ನೋಡಬಹುದು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಯಜಮಾನರ ಫೋನಿನಲ್ಲೇ ರಾತ್ರಿ ಹೊತ್ತು ಅರ್ಧ ಪಾಠ ಮುಗಿಯುತ್ತಿತ್ತು. ಇನ್ನೊಂದು, ವಾಟ್ಸಾಪ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ನಿಲ್ಲಿಸಿ. ನಮ್ಮದು ಮೂರೇ ದಿನಕ್ಕೆ ಗುಡ್ ಮಾರ್ನಿಂಗ್ ಹೂವಿನಿಂದ ತುಂಬಿಹೋಗಿತ್ತು.

ಜೂನ್ 14ಕ್ಕೆ ಬೇರೆ ಕಡೆ ಸಡಿಲ ಮಾಡಿದರೂ ಮಂಡ್ಯ ಸೇರಿ 11 ಜಿಲ್ಲೆಗಳಲ್ಲಿ ಲಾಕ್‌ಡೌನ್ ಹಾಗೇ ಇತ್ತು. ಪರೀಕ್ಷೆಯ ರೀತಿಯೂ ಬದಲಾಯಿತು. ಎರಡೇ ದಿನ, ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ, 22ಕ್ಕೆ ಮೂರು ಭಾಷೆ. ಒಂದೊಂದು ವಿಷಯಕ್ಕೆ 40 ಪ್ರಶ್ನೆ, ನಾಲ್ಕರಲ್ಲಿ ಒಂದು ಉತ್ತರ ಆರಿಸಿ ಓಎಂಆರ್ ಹಾಳೆಯಲ್ಲಿ ಸೊನ್ನೆ ತುಂಬುವುದು. ಮಾದರಿ ಹಾಳೆ ಪಿಡಿಎಫ್‌ನಲ್ಲಿ ಬಂತು, ಜೆರಾಕ್ಸ್ ಅಂಗಡಿ ಮುಚ್ಚಿತ್ತು. ಮಗಳು ಹಳೇ ನೋಟ್‌ಬುಕ್ಕಿನಲ್ಲಿ ಬಳೆ ಇಟ್ಟು ಗೆರೆ ಎಳೆಯಲು ಹೋದಳು, ದೊಡ್ಡದಾಯಿತು. ಆಮೇಲೆ ನನ್ನ ಹೊಲಿಗೆ ಡಬ್ಬಿಯಲ್ಲಿದ್ದ ಅಂಗಿ ಗುಂಡಿ ತಗೊಂಡಳು. ಗುಂಡಿ ಇಟ್ಟು ಸುತ್ತ ಗೆರೆ, ಸಾಲಿಗೆ ನಾಲ್ಕು, ಹೀಗೆ ನೂರಾರು ಸೊನ್ನೆ. ದಿನಾ ಫೋನಿನಲ್ಲಿ ಪ್ರಶ್ನೆ ನೋಡಿ ಪುಸ್ತಕದಲ್ಲಿ ಸೊನ್ನೆ ತುಂಬಿದಳು.

ಇಷ್ಟೆಲ್ಲದರಲ್ಲಿ ಹಿಂದೆ ಬಿದ್ದವನು ಚಿಕ್ಕವನು. ಪರೀಕ್ಷೆ ಇರುವುದು ಅಕ್ಕನಿಗೆ, ಅದಕ್ಕೆ ಫೋನ್ ಅಕ್ಕನಿಗೇ ಅಂತ ನಾನೇ ಹೇಳಿದ್ದೆ. ಜುಲೈ 1ರಿಂದ ಅವನ ಮೇಡಂ ದಿನಾ ವಾಯ್ಸ್ ಮೆಸೇಜ್ ಹಾಕುತ್ತಿದ್ದರು. ಅವನು ಕೇಳಿದರೆ "ಆಮೇಲೆ ನೋಡುವಂತೆ" ಅನ್ನುತ್ತಿದ್ದೆವು. ಒಂದು ದಿನ ಊಟಕ್ಕೆ ಕೂತಾಗ, "ಅವ್ವ, ನಾನು ಆರಕ್ಕೆ ಬಂದಿದೀನಿ ಅಂತ ಮೇಡಂಗೆ ಗೊತ್ತಾ?" ಅಂದ. ಕೈತುತ್ತು ಕೈಯಲ್ಲೇ ಉಳಿಯಿತು. ಇಬ್ಬರು ಮಕ್ಕಳಿರುವ ಮನೆಯವರು ಇದನ್ನು ಮೊದಲ ದಿನವೇ ಯೋಚಿಸಿ. ರಾತ್ರಿ ಅರ್ಧ ಗಂಟೆಯಾದರೂ ಚಿಕ್ಕವರ ಕೈಗೆ ಕೊಡಬಹುದಿತ್ತು, ನಾನು ಕೊಡಲಿಲ್ಲ.

23ನೇ ತಾರೀಕು ಬೆಳಗ್ಗೆ ಫೋನು ಅವನ ಕೈಗೆ ಹೋಯಿತು. 13 ತುಂಬದ ಮಕ್ಕಳು ತಾವೇ ಗೂಗಲ್ ಖಾತೆ ಮಾಡಿಕೊಳ್ಳುವ ಹಾಗಿಲ್ಲ. ವರ್ಷ ಸುಳ್ಳು ಬರೆದು ಮಾಡುವವರೂ ಇದ್ದಾರೆ. ನಾವು ನನ್ನ ಖಾತೆಯನ್ನೇ ಇಟ್ಟೆವು. ಗುಡಿ ಜಗಲಿ ಮೇಲೆ ಕೂತು, ಮೇಡಂ ಅವರ ಹಳೇ ಮೆಸೇಜುಗಳನ್ನು ಮೊದಲಿನಿಂದ ಒಂದೊಂದಾಗಿ ಕೇಳಿದ. ಹಾಜರಿ ಕೂಗಿದ ಕಡೆಯೆಲ್ಲ ಫೋನಿಗೇ "ಎಸ್ ಮಿಸ್" ಅನ್ನುತ್ತಿದ್ದ. 22 ದಿನದ ಹಾಜರಿ. ಸಂಜೆಯ ಹೊತ್ತಿಗೆ ಆವತ್ತಿನ ಡೇಟಾ ಮುಗಿಯಿತು. ಪ್ಯಾಕು ಇನ್ನೂ ಹತ್ತು ದಿನ ಇತ್ತು.